ಏಳು ಪಾಯಿಂಟ್ ಒಂದು

ನಾನು ಕೆಮಿಸ್ಟ್ರಿ ಕಲಿಸುವ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷದಿಂದ ಉತ್ತರ ಹತ್ತು. ಬ್ಯುರೆಟ್ಟೆಂಬ ಅಳತೆಯ ಗಾಜಿನ ಕೊಳವೆಯಿಂದ ನೇರಳೆ ದ್ರಾವಣವನ್ನು ಬಿಸಿ ಆಕ್ಸಾಲಿಕ್ ಆಮ್ಲಕ್ಕೆ ಹನಿಹನಿಯಾಗಿ ಬಿಟ್ಟರೆ ಹತ್ತು ಮಿಲಿಲೀಟರಿಗೆ ತಿಳಿಗುಲಾಬಿ ಬಣ್ಣ ನಿಲ್ಲಬೇಕು. ಈ ಅಂಕಿ ಅಕ್ಕನಿಂದ ತಂಗಿಗೆ, ಅಣ್ಣನಿಂದ ತಮ್ಮನಿಗೆ ಹಳೆಯ ರೆಕಾರ್ಡ್ ಪುಸ್ತಕದ ಜೊತೆಗೇ ದಾಟುತ್ತದೆ. ಹನ್ನೆರಡನೇ ತರಗತಿಯ ಪರೀಕ್ಷೆಯ ದಿನ ಮಕ್ಕಳು ಬ್ಯುರೆಟ್ಟಿನ ನಲ್ಲಿ ತಿರುಗಿಸುವ ಮೊದಲೇ ಉತ್ತರ ಬರೆದಿರುತ್ತಾರೆ. ಅದು ನನಗೂ ಗೊತ್ತು. ನನ್ನ ಸಂಬಳದಲ್ಲಿ ಅರ್ಧ ಕಂಡೂ ಕಾಣದ ಹಾಗಿರುವುದಕ್ಕೇ.

ಹಾಗೆ ಬರೆಯದವಳು ಒಬ್ಬಳೇ. ತರಗತಿಯವರು ಅವಳಿಗೆ ‘ತಕ್ಕಡಿ’ ಎಂದು ಹೆಸರಿಟ್ಟಿದ್ದರು. ಅಳತೆಯಲ್ಲಾಗಲಿ ಮಾತಿನಲ್ಲಾಗಲಿ ಕೂದಲೆಳೆಯಷ್ಟೂ ಆಚೀಚೆ ಆಗದ ಹುಡುಗಿ. ಅವಳ ಚಿಕ್ಕಮ್ಮ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವವರು. ತಾನೂ ಅದೇ ತರಬೇತಿಗೆ ಸೇರಬೇಕೆಂದು ಇವಳ ಹಠ. ಅದಕ್ಕೆ ಈ ಪ್ರಾಯೋಗಿಕ ಪರೀಕ್ಷೆ ಪಾಸಾಗಲೇಬೇಕಿತ್ತು.

ಹೊರಗಿನಿಂದ ಬಂದ ಪರೀಕ್ಷಕಿ ಅವಳ ಹಾಳೆ ಹಿಡಿದು ನನ್ನ ಹತ್ತಿರ ಬಂದರು. "ಏನ್ ಸರ್ ಇದು? ಮೂವತ್ತೊಂದು ಜನಕ್ಕೆ ಹತ್ತು ಬಂದಿದೆ, ಈ ಹುಡುಗಿಗೆ ಮೂರು ಸಲವೂ ಏಳು ಪಾಯಿಂಟ್ ಒಂದು!"

"ಸರಿಯಾಗೇ ಬಂದಿದೆ ಮೇಡಂ. ಬೇಕಾದ್ರೆ ನೀವೇ ಒಂದ್ಸಲ ಮಾಡಿ ನೋಡಿ," ಎಂದಳು ತಕ್ಕಡಿ. ಮೇಡಂಗೆ ಮೂಗಿನ ತುದಿಯಲ್ಲೇ ಕೋಪ, ಮುಖ ಕೆಂಪಾಯಿತು.

ಆಗ ನನಗೆ ಹೊಳೆಯಿತು. ಹಿಂದಿನ ದಿನ ಆ ಆಮ್ಲದ ದ್ರಾವಣ ತಯಾರಿಸಿದವನು ನಾನು. ಆಕ್ಸಾಲಿಕ್ ಆಮ್ಲದ ಹರಳಿನೊಳಗೆ ನೀರಿರುತ್ತದೆ, ತೂಗುವಾಗ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು: ತೊಂಬತ್ತು ಗ್ರಾಮಿನ ಬದಲು ನೂರ ಇಪ್ಪತ್ತಾರು. ಇದೊಂದು ತಪ್ಪಿಗೆ ಎಷ್ಟು ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿ ಮಾನ ಕಳೆದಿದ್ದೇನೋ! ಹೇಳೋದು ಶಾಸ್ತ್ರ, ಹಾಕೋದು ಗಾಳ. ನಾನೇ ತೊಂಬತ್ತರ ಲೆಕ್ಕದಲ್ಲಿ ತೂಗಿದ್ದೆ. ಹಾಗೆ ತೆಳುವಾದ ಆಮ್ಲಕ್ಕೆ ಏಳು ಪಾಯಿಂಟ್ ಒಂದೇ ಸರಿ. ಆ ಕೋಣೆಯಲ್ಲಿ ನಿಜವಾಗಿ ಪ್ರಯೋಗ ಮಾಡಿದವಳು ಅವಳೊಬ್ಬಳೇ.

ಒಪ್ಪಿಕೊಂಡಿದ್ದರೆ ಎಲ್ಲರಿಗೂ ಮರುಪರೀಕ್ಷೆ, ಹತ್ತೊಂಬತ್ತು ವರ್ಷದ ಹೆಸರು ನೀರುಪಾಲು. ನನಗೆ ನಾನೇ ಹೆಚ್ಚಾದೆ.

"ಪಾಪ, ಅವಳಿಗೆ ಕೈ ನಡುಗುತ್ತೆ ಮೇಡಂ," ಎಂದೆ.

"ನಡುಗೋ ಕೈಗೆ ಮೂರು ಸಲವೂ ಒಂದೇ ಅಳತೆ ಹೇಗೆ ಬರುತ್ತೆ?"

"ಒಂದ್ಸಲ ಮಾಡಿ, ಉಳಿದೆರಡು ಹಾಗೇ ಬರ್ಕೊಂಡಿರ್ತಾಳೆ."

ತಕ್ಕಡಿ ನನ್ನನ್ನೇ ನೋಡಿದಳು. ಸರ್ ಸುಳ್ಳು ಹೇಳಬಹುದೆಂದು ಅವಳಿಗೆ ಹೊಳೆಯಲೇ ಇಲ್ಲ. ಪರೀಕ್ಷಕಿ ಸೊನ್ನೆ ಸುತ್ತಿದರು. ಎಲ್ಲರೂ ಹೋದ ಮೇಲೆ ಉಳಿದ ಆಮ್ಲವನ್ನು ಸಿಂಕಿಗೆ ಸುರಿದು ನಲ್ಲಿ ಬಿಟ್ಟೆ.

ಫಲಿತಾಂಶ ಬಂದ ವಾರ ಅವಳು ಅಮ್ಮನ ಜೊತೆ ಬಂದಳು. ಫೇಲಾಗಿದ್ದಳು.

"ಇವಳು ಸುಳ್ಳು ಬರೆಯೋಳಲ್ಲ ಸರ್," ಎಂದರು ಅಮ್ಮ. ಧ್ವನಿಯಲ್ಲಿ ಜಗಳವಿತ್ತು.

"ಈ ಕೆಲಸ ಎಲ್ಲರ ಕೈಗೂ ಒಗ್ಗಲ್ಲಮ್ಮ," ಎಂದೆ ಮೆತ್ತಗೆ. "ನಾಳೆ ರೋಗಿಗಳ ರಕ್ತ ಮುಟ್ಟೋ ಕೈ. ಯಾರದಾದ್ರೂ ಜೀವಕ್ಕೆ ಬಂದ್ರೆ?"

ಹುಡುಗಿ ತಲೆ ತಗ್ಗಿಸಿ ಕೇಳಿದಳು: "ಕೈ ನಡುಗೋದು ನಂಗೇ ಗೊತ್ತಾಗಿರ್ಲಿಲ್ಲ ಸರ್. ಯಾವಾಗಿಂದ?"

"ಮೊದಲಿಂದ್ಲೂ."

ಅಂಕಪಟ್ಟಿ ಪಡೆಯಲು ರಿಜಿಸ್ಟರಿನಲ್ಲಿ ಸಹಿ ಹಾಕಬೇಕಿತ್ತು. ಅವಳು ಪೆನ್ನು ಹಿಡಿದಳು. ಎರಡು ವರ್ಷದಲ್ಲಿ ಮೊದಲ ಸಲ ಆ ಕೈ ನಡುಗಿದ್ದನ್ನು ಕಂಡೆ. ಅಕ್ಷರ ಗೆರೆ ದಾಟಿತು. ಅಮ್ಮನೂ ಕಂಡರು, ಅವರ ಜಗಳ ಅಲ್ಲಿಗೇ ಮುಗಿಯಿತು. ನನಗೆ, ದೇವರಾಣೆ, ನೆಮ್ಮದಿಯಾಯಿತು.

ಅಮ್ಮ ಮಗಳ ಮಣಿಕಟ್ಟು ಹಿಡಿದು ಸಹಿ ಮಾಡಿಸಿ ಮುಗಿಸಿದರು. ಬಾಗಿಲ ಹತ್ತಿರ ತಿರುಗಿ ನನಗೆ ಕೈಮುಗಿದರು.

"ನಾವು ಹೆತ್ತೋರು, ನಮಗೇ ಕಾಣ್ಲಿಲ್ಲ ನೋಡಿ. ನೀವಾದ್ರೂ ಬಾಯಿಬಿಟ್ಟು ಹೇಳಿದ್ರಿ."