ತಮಟೆ ನಿಲ್ಲಿಸಿದ ಮೇಲೆ ಸಿಕ್ಕ ಭಾರತಿ

ನಮ್ಮ ಕಡೆ ಎಮ್ಮೆ ತಪ್ಪಿಸಿಕೊಂಡರೂ ತಮಟೆ, ಮಗು ತಪ್ಪಿಸಿಕೊಂಡರೂ ತಮಟೆ. ಸಾರಿದರೆ ಊರೆಲ್ಲ ಹುಡುಕುತ್ತದೆ ಎಂಬ ನಂಬಿಕೆ. ಎಮ್ಮೆಯ ಮಟ್ಟಿಗೆ ಅದು ಸರಿಯೇ.

ಎಂಬತ್ತಾರನೇ ಇಸವಿಯಲ್ಲಿ ಸುಗಟೂರಿನ ಆಂಜಿನಮ್ಮನ ಮಗಳು ಭಾರತಿ ಕಾಣೆಯಾದಳು. ಏಳು ವರ್ಷದ ಹುಡುಗಿ. ಮಾತಿಲ್ಲ, ಯಾರಾದರೂ ಕರೆದರೆ ತಿರುಗುವುದಿಲ್ಲ, ಬಾಗಿಲು ತೆರೆದಿದ್ದರೆ ಹೊರಟುಬಿಡುತ್ತಾಳೆ. ಆಂಜಿನಮ್ಮ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕಿ ಬರುವಷ್ಟರಲ್ಲಿ ಮಗು ಇಲ್ಲ. ಊರ ಸುತ್ತ ಕಟ್ಟೆಯಿಲ್ಲದ ಬಾವಿಗಳು.

ಆಂಜಿನಮ್ಮನ ಮಾವ, ಮಗುವಿನ ತಾತ ಮುನಿರಾಮಪ್ಪ ತಮಟೆ ಹೊಡೆಸಿದರು. ಅರ್ಧ ಊರು ಮಗುವಿನ ಹೆಸರು ಕೂಗುತ್ತ ಬೀದಿಗಿಳಿಯಿತು. ಊರಿನ ನರ್ಸ್ ಶ್ಯಾಮಲಮ್ಮ ಓಡಿಬಂದು ಪೊಲೀಸರಿಗೆ ಹೇಳೋಣ ಎಂದರು. ಮುನಿರಾಮಪ್ಪ ಒಪ್ಪಲಿಲ್ಲ. ಸಂಜೆಯವರೆಗೆ ನೋಡೋಣ, ಹಸಿವಾದರೆ ತಾನೇ ಬರುತ್ತಾಳೆ ಎಂದರು.

“ಖಾಕಿ ಕಂಡ್ರೆ ನಾವೇ ನಡುಗ್ತೀವಿ, ಆ ಮೂಗಿ ಏನ್ ಮಾಡ್ತಾಳಮ್ಮ? ಠಾಣೆ ಅಂದ್ರೆ ಮನೆ ಮರ್ಯಾದೆ ಹೋಗುತ್ತೆ.”

“ಬಾವಿಗೆ ಮರ್ಯಾದೆ ಗೊತ್ತಿಲ್ಲ ತಾತ. ಸಂಜೆವರ್ಗೂ ಅದು ಕಾಯಲ್ಲ,” ಎಂದು ಶ್ಯಾಮಲಮ್ಮ ಪೋಸ್ಟಾಫೀಸಿಗೆ ಹೋಗಿ ಠಾಣೆಗೆ ಫೋನ್ ಮಾಡಿದರು. ಬೆಂಗಳೂರಿನ ಡಾಕ್ಟರು ಆಂಜಿನಮ್ಮನಿಗೆ ಹೇಳಿದ್ದನ್ನೇ ಅವರು ಪೊಲೀಸರಿಗೂ ಹೇಳಿದರು. ಮಗುವಿಗೆ ಆಟಿಸಂ ಇದೆ. ಹುಚ್ಚಲ್ಲ, ಗಾಳಿ ಸೋಕಿದ್ದೂ ಅಲ್ಲ. ದೊಡ್ಡ ಸದ್ದಿಗೆ ಹೆದರಿ ಅಡಗುತ್ತಾಳೆ, ಹೊಸಬರು ಮುಟ್ಟಿದರೆ ಓಡುತ್ತಾಳೆ.

ಹೆಡ್ ಕಾನ್‌ಸ್ಟೇಬಲ್ ಕೋದಂಡರಾಮಪ್ಪ ಜೀಪನ್ನು ಊರಾಚೆಯೇ ನಿಲ್ಲಿಸಿ ನಡೆದು ಬಂದರು. ಬಂದವರೇ ತಮಟೆ ನಿಲ್ಲಿಸಿದರು. ಬಾವಿಗೊಬ್ಬರಂತೆ ಜನರನ್ನು ಕಳಿಸಿದರು. ಆಮೇಲೆ ಮಗುವಿಗೆ ಏನು ಇಷ್ಟ ಎಂದು ಆಂಜಿನಮ್ಮನನ್ನು ಕೇಳಿದರು. ಪಂಪ್‌ಸೆಟ್ ನೀರು ಬೀಳುವುದನ್ನು ನೋಡುತ್ತ ನಿಲ್ಲುತ್ತಾಳೆ ಎಂದಳು. ಆಗ ಕರೆಂಟ್ ಇತ್ತು. ಯಾರ ತೋಟದಲ್ಲಿ ಮೋಟಾರು ಓಡುತ್ತಿದೆ ಎಂದು ವಿಚಾರಿಸಿ, ಆಂಜಿನಮ್ಮನನ್ನೂ ಕರೆದುಕೊಂಡು ಅತ್ತ ನಡೆದರು.

ಆ ತೋಟದ ಬಾವಿಯ ಅಂಚಿನಲ್ಲಿ, ಹಿಪ್ಪುನೇರಳೆ ಗಿಡಗಳ ಮರೆಯಲ್ಲಿ, ಭಾರತಿ ಕಿವಿ ಮುಚ್ಚಿಕೊಂಡು ಕುಳಿತಿದ್ದಳು. ತಮಟೆ ಇನ್ನಷ್ಟು ಹತ್ತಿರ ಬಂದಿದ್ದರೆ ಹಿಂದಕ್ಕೆ ಸರಿಯಲು ಅವಳಿಗೆ ನೆಲವೇ ಇರಲಿಲ್ಲ. ಕೋದಂಡರಾಮಪ್ಪ ಮುಂದೆ ಹೋಗಲಿಲ್ಲ. ಟೋಪಿ ತೆಗೆದು ದೂರದಲ್ಲೇ ಕುಳಿತು, ತಾಯಿಯನ್ನು ಮಾತ್ರ ಕಳಿಸಿದರು.

“ರಾಮ್ಮಾ, ಇಂಟಿಕಿ ಪೋದಾಂ.”

ಮನೆಗೆ ಹೋಗೋಣ ಬಾ ಎಂದು ಆಂಜಿನಮ್ಮ ಮನೆಮಾತಾದ ತೆಲುಗಿನಲ್ಲಿ ಮೆಲ್ಲಗೆ ಕರೆದಳು. ಸ್ವಲ್ಪ ಹೊತ್ತಿಗೆ ಮಗು ಎದ್ದು ಬಂತು. ಮುನಿರಾಮಪ್ಪ ಎಲ್ಲರೆದುರೇ ಅತ್ತುಬಿಟ್ಟರು.

ಮರುವಾರ ಅವರೇ ಬಾಗಿಲಿಗೆ ಎತ್ತರದಲ್ಲಿ ಚಿಲಕ ಹಾಕಿಸಿದರು. ಮೊಮ್ಮಗಳ ಲಂಗದ ಮೇಲೆ ಹೆಸರು, ಊರು ಹೊಲಿಸಿದರು. ಅವಳನ್ನು ಬಸ್ಸಿನಲ್ಲಿ ಠಾಣೆಗೆ ಕರೆದೊಯ್ದು ಅಲ್ಲಿದ್ದವರಿಗೆಲ್ಲ ತೋರಿಸಿದರು.

“ಇವ್ಳು ನಮ್ ಮಗು ಸ್ವಾಮಿ. ಮಾತಾಡಲ್ಲ. ಎಲ್ಲಾದ್ರೂ ಕಂಡ್ರೆ ಗದರ್ಬೇಡಿ, ನಮ್ಗೆ ಹೇಳಿ ಕಳ್ಸಿ.”

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀದಿಯಲ್ಲೂ ಇಂಥ ಮಗು ಇರಬಹುದು. ಕಾಣದಿದ್ದರೆ ಮೊದಲು ಬಾವಿ, ಕೆರೆ ನೋಡಿ. ಅದೇ ಗಳಿಗೆಯಲ್ಲಿ ಠಾಣೆಗೂ ತಿಳಿಸಿ. ಮಗುವಿನ ಇಷ್ಟ, ಭಯ ಎರಡನ್ನೂ ಪೊಲೀಸರಿಗೆ ಹೇಳಿ. ಕೂಗಿದರೆ ಓಗೊಡದ ಮಗುವಿನ ಬಳಿಗೆ ನಾವೇ ಹೋಗಬೇಕು.