ಮಂಗಟ್ಟೆಯ ಕೊಕ್ಕು

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ನಮ್ಮ ದೇವದುರ್ಗದ ಗುಡ್ಡದ ಆಲದ ಮರಕ್ಕೆ ಒಂದೇ ಒಂದು ಮಂಗಟ್ಟೆ ಹಕ್ಕಿ ಹಣ್ಣಿಗೆ ಬರುತ್ತಿತ್ತು. ನಾನು ಕುರಿ ಕಾಯಲು ಕಲಿತಾಗ ಇಪ್ಪತ್ತಾದರೂ ಬರುತ್ತಿದ್ದವು. ಸುತ್ತಲಿನ ಮರಗಳನ್ನೆಲ್ಲ ಇಟ್ಟಿಗೆ ಭಟ್ಟಿಯವರು ನುಂಗಿ ನೀರು ಕುಡಿದಿದ್ದರು. ಈ ಒಂಟಿ ಬಡಪಾಯಿ ಇದ್ದರೆಷ್ಟು, ಹೋದರೆಷ್ಟು ಎಂದುಕೊಂಡೆ. ನನ್ನ ಬುದ್ಧಿಗೆ ಬೆಂಕಿ ಬೀಳಲಿ.

ನನ್ನ ಹೆಂಡತಿ ಕರೆಮ್ಮನಿಗೆ ತವರಿರಲಿಲ್ಲ, ನಮ್ಮಲ್ಲೇ ಹೆತ್ತಳು. ನಾಲ್ಕನೆಯ ದಿನಕ್ಕೆ ಮೈ ಕೆಂಡವಾಯಿತು. ಗಾಳಿ ತಾಗಬಾರದೆಂದು ಅವ್ವ ಬಾಣಂತಿ ಕೋಣೆಯ ಬಾಗಿಲ ಸಂದಿಗೂ ಚಿಂದಿ ತುರುಕಿದ್ದಳು.

“ಮಂಗಟ್ಟಿ ಸಾರು ಕುಡಿಸಿದ್ರ ಬಾಣಂತಿ ಜ್ವರ ಬಿಡತದ. ಹೊಡಕೊಂಡ್ ಬಾ, ಕನಕಪ್ಪಾ” ಎಂದಳು.

ಕವಣೆಯ ಒಂದೇ ಕಲ್ಲಿಗೆ ಹಕ್ಕಿ ಬಿತ್ತು. ಕೊಯ್ದರೆ ಗಂಟಲ ತುಂಬ ಆಲದ ಹಣ್ಣು, ಒಂದೂ ಜಜ್ಜಿರಲಿಲ್ಲ. ಅವ್ವನ ಕೈ ನಿಂತಿತು.

“ಇದು ತಾ ತಿಂದಿದ್ದಲ್ಲೋ ಯಪ್ಪಾ. ಹೆಣ್ಣಿಗೆ ಒಯ್ಯಾಕತ್ತಿತ್ತು. ಅದು ಎಲ್ಲ್ಯಾರ ಪೊಟರ್ಯಾಗ ಬಾಗಲಾ ಮೆತಗೊಂಡು ಮರಿ ಕಟಗೊಂಡು ಕುಂತಿರತದ.”

ಆ ಹಣ್ಣುಗಳನ್ನೇ ತೊಳೆದುಕೊಂಡು ಓಡಿದೆ. ಹಳ್ಳದ ದಂಡೆಯ ಮುದಿ ಬೇವಿನಲ್ಲಿ ಗೂಡು ಸಿಕ್ಕಿತು. ಪೊಟರೆಗೆ ಮಣ್ಣಿನ ಗೋಡೆ, ನಡುವೆ ಬೆರಳಗಲದ ಸೀಳು, ಒಳಗೆ ಮರಿಗಳ ಸದ್ದು. ಕೊಂಬೆಯ ಮೇಲೆ ಕುಳಿತು ಮೂರು ಸಲ ತಟ್ಟಿ ಹಣ್ಣು ಒಳಗೆ ನೂಕಿದೆ. ಹೆಣ್ಣು ಹಕ್ಕಿ ಹೆದರಿ ಹಿಂದೆ ಸರಿಯಿತು. ದಿನವೂ ಹೋದೆ. ಮೂರನೆಯ ದಿನ ತಟ್ಟಿದ ಸದ್ದಿಗೇ ಕೊಕ್ಕು ಹೊರಬಂದಾಗ ಹುಚ್ಚನಂತೆ ಒಬ್ಬನೇ ನಕ್ಕೆ.

ಸಾರು ಕುಡಿದ ದಿನ ಕರೆಮ್ಮ ಕಣ್ಣು ಬಿಟ್ಟಿದ್ದಳು. ನಾಲ್ಕು ದಿನಕ್ಕೆ ಜ್ವರ ಮತ್ತೆ ಏರಿತು. ದವಾಖಾನೆಗೆ ಒಯ್ಯೋಣವೆಂದೆ. ಹಸಿ ಬಾಣಂತಿ ಹೊಸ್ತಿಲು ದಾಟಬಾರದೆಂದು ಅವ್ವ ಬಾಗಿಲಿಗೆ ಅಡ್ಡ ಕುಳಿತಳು.

“ಅರ್ಧಾ ಔಷಧಕ್ಕ ಅರ್ಧಾ ಗುಣ” ಎಂದಳು. ನನ್ನ ಮುಖ ನೋಡಲಿಲ್ಲ. “ಇನ್ನೊಂದು ಅದ ಅಲ್ಲ?”

“ಅದಕ್ಕ ಮರಿ ಅದಾವ, ಯವ್ವಾ.”

“ಇಕಿಗೂ ಅದ.”

ಚಿಂದಿ ಸರಿಸಿ ಬಾಗಿಲ ಸಂದಿಯಿಂದ ಕರೆಮ್ಮನ ಕೈ ಹೊರಬಂತು. “ನೀರು ಕೊಡ್ರಿ...” ಚೊಂಬು ಕೊಟ್ಟೆ. ಹಿಡಿಯಲಾಗದೆ ಕೈಬಿಟ್ಟಳು. ಚೊಂಬು ಉರುಳಿ ನೀರೆಲ್ಲ ನನ್ನ ಕಾಲಿಗೆ ಬಂತು.

ಬೇವು ಹತ್ತಿದೆ. ಸೊಂಟದಲ್ಲಿ ಕುಡುಗೋಲಿತ್ತು. ಹಣ್ಣು ತಂದಿರಲಿಲ್ಲ. ಆದರೂ ಮೂರು ಸಲ ತಟ್ಟಿದೆ.

ಕೊಕ್ಕು ಕೂಡಲೇ ಹೊರಬಂದು ಬಾಯಿ ತೆರೆಯಿತು. ನಾನು ಅದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ.