ನನ್ನ ಮೈಮೇಲಿನ ಖಾಲಿ ಸಾಲು

ನಾನು ಒಂದು ಕಲ್ಲು. ಇಳಕಲ್ಲ ಸೀಮೆಯ ಕೆಂಪು ಕಲ್ಲು. ನಮ್ಮ ಕುಲದವರು ಹಡಗು ಹತ್ತಿ ಸಮುದ್ರ ದಾಟಿದ್ದಾರೆ, ದೊಡ್ಡ ದೊಡ್ಡ ಕಟ್ಟಡಗಳ ನೆಲವಾಗಿ ಮಿಂಚುತ್ತಿದ್ದಾರೆ ಎಂದು ಕ್ವಾರಿಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ನನಗೆ ಆ ಯೋಗ ಬರಲಿಲ್ಲ. ನನ್ನ ಎದೆಗೆ ಅಡ್ಡಲಾಗಿ ಒಂದು ಕಪ್ಪು ಗೆರೆ ಇತ್ತು. ಕೊಳ್ಳಲು ಬಂದವರು ಅದನ್ನು ನೋಡಿ ಮೂಗು ಮುರಿದು ಮುಂದೆ ಹೋಗುತ್ತಿದ್ದರು. ಹಾಗಾಗಿ ಬಹಳ ವರ್ಷ ಮೂಲೆಯಲ್ಲಿ ಬಿದ್ದಿದ್ದೆ. ಕೂಲಿಯವರು ನನ್ನ ಮೇಲೆ ಕೂತು ರೊಟ್ಟಿಯ ಬುತ್ತಿ ಬಿಚ್ಚಿ, ಒಬ್ಬರನ್ನೊಬ್ಬರು ಗೇಲಿ ಮಾಡಿ ನಗುತ್ತಿದ್ದರು. ಅದನ್ನೇ ಅವಮಾನವೆಂದು ಕೊರಗುತ್ತಿದ್ದೆ. ಬದುಕಿನಲ್ಲಿ ನಾನು ನಗು ಕೇಳಿದ್ದು ಅಲ್ಲಿ ಮಾತ್ರ.

ನನ್ನನ್ನು ಅಲ್ಲಿಂದ ಎಬ್ಬಿಸಿದ್ದು ಬೇವಿನದಿನ್ನಿ ಎಂಬ ಸಣ್ಣ ಊರಿನ ಸಾವುಗಳು. ಹಬ್ಬದ ಹಿಂದಿನ ದಿನ ಆ ಊರಿನ ಬಸ್ ನಿಲ್ದಾಣದ ಬೆಂಚಿನ ಕೆಳಗೆ ಯಾರೋ ಒಂದು ಚೀಲ ಇಟ್ಟುಹೋದರು. ಬಸ್ಸುಗಳೆಲ್ಲ ತುಂಬಿಕೊಂಡು ನಿಂತಿದ್ದ ಹೊತ್ತಿನಲ್ಲಿ ಅದು ಸಿಡಿಯಿತು. ಇಟ್ಟವರ ಹೆಸರು ಆಮೇಲೆ ಪತ್ರಿಕೆಗಳಲ್ಲಿ ಬಂತಂತೆ. ಅದನ್ನು ನನ್ನಿಂದ ಹೇಳಿಸಬೇಡಿ. ಬೇವಿನದಿನ್ನಿ ಎಲ್ಲಿದೆ ಎಂದು ಅವರಿಗೂ ಸರಿಯಾಗಿ ಗೊತ್ತಿರಲಿಕ್ಕಿಲ್ಲ.

ಸತ್ತವರ ಹೆಸರು ಬರೆಸಲು ಊರಿನವರು ಒಂದು ಸಮಿತಿ ಮಾಡಿದರು. ಕ್ವಾರಿಯವರು ನನ್ನನ್ನು ಪುಕ್ಕಟೆ ಕೊಟ್ಟರು. ಕೆತ್ತಿದವನು ಮೌನೇಶಪ್ಪ ಬಡಿಗೇರ, ಮಾತಿಗಿಂತ ಕೆಮ್ಮೇ ಹೆಚ್ಚಾಗಿದ್ದ ಮುದುಕ. ನನ್ನ ಕಪ್ಪು ಗೆರೆಯ ಮೇಲೆ ಊರಿನ ಹೆಸರು, ಕೆಳಗೆ ಸತ್ತವರದು. ಎಲ್ಲ ಮುಗಿದ ಮೇಲೆ ಬುಡದಲ್ಲಿ ಒಂದು ಸಾಲು ಹಾಗೇ ಬಿಟ್ಟ. ಸಮಿತಿಯ ಅಧ್ಯಕ್ಷ ಚನಬಸಪ್ಪ ಅದನ್ನು ನೋಡಿ, "ಇದ್ಯಾಕ ಖಾಲಿ ಬಿಟ್ಟಿ?" ಎಂದು ಕೇಳಿದರು.

"ನಮ್ಮ ಅಪ್ಪ ಕಲಿಸಿದ್ದು ಹಂಗ ರೀ. ಸತ್ತವರ ಕಲ್ಲು ತುಂಬಾ ಕೆತ್ತಬಾರದು. ಒಂದು ಸಾಲು ಬಿಡಬೇಕು," ಎಂದ ಮೌನೇಶಪ್ಪ.

ಯಾಕೆ ಬಿಡಬೇಕು ಎಂದು ಅವನಿಗೂ ತಿಳಿದಿರಲಿಲ್ಲ. ಆ ಒಂದು ಸಾಲೇ ನನ್ನ ಬಾಳಿನ ಹುಣ್ಣಾಯಿತು.

ನಿಲ್ದಾಣದ ಎದುರಿನ ಚೌಕದಲ್ಲಿ ನನ್ನನ್ನು ನಿಲ್ಲಿಸಿದರು. ದೊಡ್ಡವರು ಬಂದರು, ಪರದೆ ಎಳೆದರು, ಅದು ಅರ್ಧಕ್ಕೆ ಸಿಕ್ಕಿಕೊಂಡಿತು, ಇನ್ನೊಬ್ಬರು ಕೋಲಿನಿಂದ ಬಿಡಿಸಿದರು. ಭಾಷಣ ಮುಗಿದು ಹಾರದ ಹೂವು ಬಾಡುವ ಹೊತ್ತಿಗೆ ಚೌಕದಲ್ಲಿ ಉಳಿದವಳು ಒಬ್ಬಳೇ, ಬಾಳವ್ವ. ಅವಳ ಒಬ್ಬನೇ ಮಗ ಸಂಗಪ್ಪ ಅದೇ ನಿಲ್ದಾಣದಲ್ಲಿ ಬಸ್ಸಿನಿಂದ ಬಸ್ಸಿಗೆ ಹತ್ತಿ ಶೇಂಗಾ ಮಾರುತ್ತಿದ್ದ. ಓದಲು ಬಾರದ ಬಾಳವ್ವ ದಾರಿಹೋಕನೊಬ್ಬನನ್ನು ಕರೆದು ಮಗನ ಹೆಸರು ಯಾವುದೆಂದು ತೋರಿಸಿಕೊಂಡಳು. ಆಮೇಲೆ ದಿನಾ ಬೆಳಿಗ್ಗೆ ಬಂದು ಸೆರಗಿನಿಂದ ಆ ಹೆಸರೊಂದನ್ನೇ ಒರೆಸುತ್ತಿದ್ದಳು. ಉಳಿದವರ ಮೇಲೆ ಧೂಳು ಕೂತಿದ್ದರೂ ಸಂಗಪ್ಪ ಮಾತ್ರ ಹೊಳೆಯುತ್ತಿದ್ದ.

ಅವಳು ಮಗನನ್ನು ಗುರುತು ಹಿಡಿದದ್ದು ಅಂಗಿಯಿಂದ. ಮುಖ ಉಳಿದಿರಲಿಲ್ಲ. ರಕ್ತ ನೋಡಿ ಯಾರ ಮಗನೆಂದು ಹೇಳುವ ಪರೀಕ್ಷೆ ಆ ಕಾಲಕ್ಕೆ ನಮ್ಮ ಊರಿನ ತನಕ ಬಂದಿರಲಿಲ್ಲ. ಈ ಸೀಮೆಯಲ್ಲಿ ಮದುವೆಯಾದರೆ ಬೀಗರಿಗೆ, ಗೆಳೆಯರಿಗೆ ಆಹೇರಿ ಎಂದು ಬಟ್ಟೆ ಕೊಡುವ ಪದ್ಧತಿ ಇದೆ. ಆ ವರ್ಷ ಊರಿನ ಬಟ್ಟೆ ಅಂಗಡಿಯವರು ಮಗನ ಮದುವೆ ಮಾಡಿದಾಗ ಗಂಡಸರಿಗೆಲ್ಲ ಒಂದೇ ತಾನಿನಿಂದ ಅಂಗಿಯ ತುಂಡು ಹರಿದು ಕೊಟ್ಟಿದ್ದರು. ತಿಳಿ ಹಸಿರು, ಅದರ ಮೇಲೆ ಬಿಳಿ ಗೀಟು. ಹಬ್ಬ ಬಂತೆಂದು ಸುತ್ತಲಿನ ಹಳ್ಳಿಗಳ ಅರ್ಧ ಗಂಡಸರು ಅದೇ ಅಂಗಿ ಹೊಲಿಸಿಕೊಂಡು, ಒಬ್ಬರನ್ನೊಬ್ಬರು ನೋಡಿ ನಗುತ್ತಾ ತಿರುಗುತ್ತಿದ್ದರಂತೆ. ಆದರೂ ಆಸ್ಪತ್ರೆಯಲ್ಲಿ ಆ ಹಸಿರು ಅಂಗಿ ಕಂಡ ಕೂಡಲೇ ಬಾಳವ್ವ ಅದರ ಮೇಲೆ ಬಿದ್ದುಬಿಟ್ಟಳು. ಯಾರೂ ಎರಡನೇ ಮಾತು ಕೇಳಲಿಲ್ಲ. ಅವಳು ಮಣ್ಣು ಮಾಡಿದಳು. ಯಾರದೆಂದು ತಿಳಿಯದೆ ಉಳಿದದ್ದನ್ನೆಲ್ಲ ಊರಿನವರು ಒಟ್ಟುಗೂಡಿಸಿ ಹೊಳೆಯ ದಂಡೆಯಲ್ಲಿ ಹೂತರು.

ನನ್ನನ್ನು ನಿಲ್ಲಿಸಿದ ಕೆಲವು ತಿಂಗಳಿಗೆ ಹೊಳೆಯಾಚೆಯ ಹಳ್ಳಿಯಿಂದ ಯಮನಪ್ಪ ಎಂಬ ಮುದುಕ ಬಂದ. ಅವನ ಮಗ ಪರಸಪ್ಪ ಬೆಲ್ಲದ ಗಾಣದಲ್ಲಿ ದುಡಿಯುತ್ತಿದ್ದವನು, ಹಬ್ಬದ ಸಾಮಾನು ತರಲೆಂದು ಮನೆಯಿಂದ ಹೊರಟವನು ತಿರುಗಿ ಬಂದಿರಲಿಲ್ಲ. ಯಾರ ಜೊತೆಗೋ ದುಡಿಯಲು ಗೋವೆಯ ಕಡೆ ಹೋಗಿರಬೇಕು ಎಂದು ಊರವರು ಹೇಳಿದ್ದನ್ನು ನಂಬಿ ಕಾದು, ಕಡೆಗೆ ಕಾಯಲಾರದೆ ಮುದುಕ ಇಲ್ಲಿಗೆ ಬಂದಿದ್ದ. ಕೈಯಲ್ಲಿ ಮಗನ ಅಂಗಿ ಹೊಲಿದು ದರ್ಜಿ ಉಳಿಸಿ ಕೊಟ್ಟಿದ್ದ ಒಂದು ತುಂಡು ಬಟ್ಟೆ. ತಿಳಿ ಹಸಿರು, ಬಿಳಿ ಗೀಟು.

ಚನಬಸಪ್ಪನವರು ನನ್ನ ಪಕ್ಕದಲ್ಲೇ ನಿಂತು ಅವನ ಮಾತು ಕೇಳಿದರು. ಕೆಟ್ಟ ಮನುಷ್ಯರೇನಲ್ಲ. "ಹೆಣ ಸಿಕ್ಕಿಲ್ಲಂದ್ರ ಸತ್ತಾನಂತ ಹೆಂಗ ಬರ್ಯೂದು, ಯಜಮಾನ? ನಾಳೆ ಅಂವ ಬಂದು ಕಣ್ಮುಂದ ನಿಂತ್ರ ನಿನಗಽ ಸಂಕಟ," ಎಂದರು.

"ಬಂದು ನಿಂತ್ರ ನಾನಽ ಉಳಿ ತಂದು ಅಳಿಸ್ತೀನ್ರಿ," ಎಂದ ಯಮನಪ್ಪ. "ಸತ್ತಾನಂದ್ರ ಅಳ್ತೀನಿ. ಅದಾನಂದ್ರ ಕಾಯ್ತೀನಿ. ಎರಡೂ ಇಲ್ಲದ ಹೆಂಗ ಇರೂದ್ರಿ? ಸೊಸಿ ಮುಂಜಾನೆದ್ದು ಕುಂಕುಮ ಹಚ್ಕೋಬೇಕೋ ಬ್ಯಾಡೋ ಅಂತ ನನ್ನ ಮಾರಿ ನೋಡ್ತಾಳ."

ಅಧ್ಯಕ್ಷರು ಅವನ ಹೆಗಲು ತಟ್ಟಿ ಹೋದರು. ಬಾಳವ್ವ ಎಂದಿನಂತೆ ನನ್ನನ್ನು ಒರೆಸುತ್ತಿದ್ದಳು. ಯಮನಪ್ಪ ಅವಳತ್ತ ತಿರುಗಿ ಬಟ್ಟೆಯ ತುಂಡು ಹಿಡಿದ. "ತಂಗೀ, ನೀ ಅವತ್ತು ದವಾಖಾನಿಯೊಳಗ ಇದ್ದೀಯಂತ. ಇಂಥಾ ಅಂಗಿ ಹಾಕ್ಕೊಂಡಾಂವ ಮತ್ತೊಬ್ಬಾಂವನ್ನ ನೋಡೀಯೇನು? ಎಡಗಾಲ ಹಿಮ್ಮಡಿ ಮ್ಯಾಲ ಸುಟ್ಟ ಕಲೆ ಇತ್ತು. ಸಣ್ಣಾಂವ ಇದ್ದಾಗ ಕುದಿಯೂ ಬೆಲ್ಲ ಬಿದ್ದಿತ್ತು."

ಸಂಗಪ್ಪನ ಹೆಸರಿನ ಮೇಲೆ ಆಡುತ್ತಿದ್ದ ಕೈ ನಿಂತುಬಿಟ್ಟಿತು. ನಾನು ಕಲ್ಲು, ಮುಟ್ಟಿದರೆ ನನಗೆ ಬಿಸಿ ತಂಪು ಬಿಟ್ಟರೆ ಬೇರೇನೂ ತಿಳಿಯದು. ಆ ಕೈ ತಣ್ಣಗಾದದ್ದು ತಿಳಿಯಿತು.

"ಇಲ್ಲೋ ಯಣ್ಣಾ. ನೋಡಿಲ್ಲ," ಎಂದಳು ಬಾಳವ್ವ.

ಮರುದಿನ ಬೆಳಿಗ್ಗೆ ಚೌಕದಲ್ಲಿ ಯಾರೂ ಇಲ್ಲದಾಗ ಬಂದು ನನಗೆ ಹಣೆ ಒತ್ತಿ ನಿಂತು ಎಲ್ಲ ಹೇಳಿದಳು. ಹೆಣಕ್ಕೆ ನೀರು ಹಾಕುವಾಗ ಹಿಮ್ಮಡಿಯ ಕಲೆ ಅವಳು ಕಂಡಿದ್ದಳು. ಸಂಗಪ್ಪನ ಕಾಲಿನಲ್ಲಿ ಅಂಥದ್ದು ಇರಲಿಲ್ಲ. ಬೆಂಕಿಯಲ್ಲಿ ಸುಟ್ಟಿರಬೇಕು ಎಂದು ತನಗೆ ತಾನೇ ಹೇಳಿಕೊಂಡು ಬಟ್ಟೆ ಮುಚ್ಚಿದ್ದಳು. ಹಳೆಯ ಗಾಯ ಯಾವುದು, ಹೊಸದು ಯಾವುದು ಎಂದು ಅಡುಗೆ ಮಾಡುವ ಹೆಂಗಸಿಗೆ ತಿಳಿಯದೇ? "ಹೇಳಿದ್ರ ನನ್ನ ಮಗಾ ಎಲ್ಲಿ ಹೋದ?" ಎಂದು ನನ್ನನ್ನು ಕೇಳಿದಳು. "ಹೊಳಿ ದಂಡ್ಯಾಗ ಗುಂಡಿಯೊಳಗ ಅದಾನಂತ ಅನ್ಲೇನು? ಕೈ ಯಾವುದು, ಕಾಲು ಯಾವುದಂತ ಹುಡುಕ್ಲಿ?"

ನನಗೆ ಸಿಟ್ಟು ಬಂತು. ಮುದುಕನಿಗೆ ಒಂದು ಮಾತು ಹೇಳಿದರೆ ಆಗುತ್ತಿತ್ತು. ಆದರೆ ಆ ಒಂದು ಮಾತಿಗೆ ಅವಳು ಮಗನನ್ನು ಎರಡನೇ ಸಲ ಕಳೆದುಕೊಳ್ಳಬೇಕಿತ್ತು. ಅವಳನ್ನು ಬೈಯಲೂ ಆಗದೆ, ಸಮಾಧಾನ ಮಾಡಲೂ ಆಗದೆ ನಿಂತೆ.

ಯಮನಪ್ಪ ಪ್ರತಿ ವರ್ಷ ಹಬ್ಬದ ಹಿಂದಿನ ದಿನ ಬರತೊಡಗಿದ. ಬುಡದ ಖಾಲಿ ಸಾಲಿನ ಮೇಲೆ ಹೆಬ್ಬೆರಳು ಆಡಿಸುತ್ತಾ ಕೂರುತ್ತಿದ್ದ. ಬಾಳವ್ವ ತಂಬಿಗೆಯಲ್ಲಿ ನೀರು ತಂದುಕೊಡುತ್ತಿದ್ದಳು, ಮುಂದೆ ಮುಂದೆ ರೊಟ್ಟಿ, ಶೇಂಗಾ ಚಟ್ನಿಯನ್ನೂ ಕಟ್ಟಿಕೊಂಡು ಬರುತ್ತಿದ್ದಳು. ಅವನು ಉಂಡು, "ನಿನಗರೆ ಒಂದು ಗುರುತೈತಿ ತಂಗೀ, ಪುಣ್ಯಾ ಮಾಡೀದಿ," ಎನ್ನುತ್ತಿದ್ದ. ಅವಳು ಮುಖ ತಿರುಗಿಸಿ ತಂಬಿಗೆ ತೊಳೆಯುತ್ತಿದ್ದಳು. ಒಂದು ವರ್ಷ ಆ ಹಸಿರು ತುಂಡನ್ನು ಹಲ್ಲಿನಿಂದ ಕಚ್ಚಿ ಎರಡಾಗಿ ಹರಿದು, ಅರ್ಧ ಅವಳಿಗೆ ಕೊಟ್ಟ. "ನಿನ್ನ ಮಗನ ಅಂಗೀನೂ ಇದಽ ಅಲ್ಲೇನು, ಇಟ್ಕೋ," ಎಂದ. ಅವಳು ಬೇಡ ಎನ್ನಲಾರದೆ ತೆಗೆದುಕೊಂಡಳು. ಆ ದಿನ ಅವಳು ಹೇಳಿಬಿಡುತ್ತಾಳೆ ಎಂದು ನಾನು ಕಾದೆ. ಬಾಯಿ ತೆರೆದಳು ಕೂಡ. ಅಷ್ಟರಲ್ಲಿ ಅವನ ಊರಿನ ಬಸ್ಸು ಬಂತು.

ಆಮೇಲೆ ರಸ್ತೆ ಅಗಲ ಮಾಡುವವರು ಬಂದರು. ನನಗೆ ಬೇರೆ ಕಡೆ ಒಳ್ಳೆಯ ಜಾಗ ಕೊಡುತ್ತೇವೆ ಎಂದು ಸಭೆಯಲ್ಲಿ ಹೇಳಿದರಂತೆ. ಕ್ರೇನು ನನ್ನನ್ನು ಎತ್ತಿ ಪುರಸಭೆಯ ಹಿತ್ತಲಿನಲ್ಲಿ, ಕೆಟ್ಟು ನಿಂತ ನೀರಿನ ಟ್ಯಾಂಕರುಗಳ ನಡುವೆ ಇಳಿಸಿತು. ಇಳಿಸುವಾಗ ಹಗ್ಗ ಜಾರಿ ಮುಖ ಅಡಿಯಾಗಿ ಬಿದ್ದೆ. ಮತ್ತೆ ತಿರುವಿ ಹಾಕುವ ಗೋಜಿಗೆ ಯಾರೂ ಹೋಗಲಿಲ್ಲ. ಹೆಸರುಗಳೆಲ್ಲ ಮಣ್ಣಿನಲ್ಲಿ, ನುಣುಪಾದ ಬೆನ್ನು ಬಿಸಿಲಿಗೆ. ಅಧ್ಯಕ್ಷರು ತೀರಿಕೊಂಡರು, ಸಮಿತಿ ಕರಗಿತು, ಒಳ್ಳೆಯ ಜಾಗ ಇನ್ನೂ ಸಿಕ್ಕಿಲ್ಲ.

ಒಂದು ಮಧ್ಯಾಹ್ನ ಬಾಳವ್ವ ಕೋಲೂರಿಕೊಂಡು ಬಂದಳು. ಬೆನ್ನು ಬಾಗಿತ್ತು. ಕಾವಲುಗಾರನನ್ನು, "ಇದನ್ನ ಒಂದಿಷ್ಟು ಹೊಳ್ಳಿಸಿ ಕೊಡೋ ಯಪ್ಪಾ," ಎಂದು ಕೇಳಿದಳು.

"ಹತ್ತ ಮಂದಿ ಬೇಕವ್ವಾ ಇದಕ್ಕ. ಯಾವ ಕಲ್ಲಿದು?" ಎಂದ ಅವನು. ಉತ್ತರಕ್ಕೆ ಕಾಯದೆ ಊಟಕ್ಕೆ ಹೋದ.

ಬಾಳವ್ವ ನನ್ನ ಪಕ್ಕದಲ್ಲಿ ನೆಲಕ್ಕೆ ಕೂತು ಏದುಸಿರು ತಗ್ಗಿಸಿಕೊಂಡಳು. ಆಮೇಲೆ ನನ್ನ ಬೆನ್ನ ಮೇಲೆ ಕೈಯಿಟ್ಟು ಮಾತಾಡಿದಳು. ನನ್ನ ಜೊತೆಗಲ್ಲ. "ಯಮನಪ್ಪಣ್ಣಾ, ನಿನ್ನೆ ನಿಮ್ಮೂರಿಗೆ ಹೋಗಿದ್ದೆ. ಹೇಳಬೇಕಂತಽ ಹೋಗಿದ್ದೆ. ನೀ ಹೋಗಿ ವರ್ಷಾತಂತ. ಕಡೀ ತನಕ ಬಾಗಿಲಾ ಹಾಕಗೊಡಲಿಲ್ಲಂತ, ಮಗಾ ಬರ್ತಾನಂತ." ಸೆರಗಿನಿಂದ ನನ್ನ ಬೆನ್ನಿನ ಧೂಳು ಒರೆಸಿದಳು. "ಬಂದಿದ್ದನೋ ಯಣ್ಣಾ. ನನ್ನ ಕಡೆ ಬಂದಿದ್ದ. ಅಂವ ನಿನ್ನ ಮಗಾನಽ. ನಾನಽ ನೀರು ಹಾಕಿ ಮಣ್ಣು ಕೊಟ್ಟೇನಿ."

ಇಷ್ಟು ವರ್ಷ ನಾನು ಕಾದಿದ್ದ ಮಾತು ಅದು. ಕೇಳಬೇಕಾದವನು ಇರಲಿಲ್ಲ. ಹತ್ತು ಮಂದಿ ಬಂದು ತಿರುವಿದರೂ ಖಾಲಿ ಸಾಲು ತುಂಬಿಸುವ ಮೌನೇಶಪ್ಪನೂ ಇರಲಿಲ್ಲ. ನನಗೆ ಬಾಯಿ ಇದ್ದಿದ್ದರೆ ಎಂದು ಎಷ್ಟೋ ಸಲ ಹಲುಬಿದ್ದೇನೆ. ಬಾಯಿ ಇದ್ದವಳ ಪಾಡು ನೋಡಿದ ಮೇಲೆ ಅದೂ ಬೇಡವಾಯಿತು.

ಹೋಗುವಾಗ ಸೆರಗಿನ ಗಂಟು ಬಿಚ್ಚಿ ಹಸಿರು ತುಂಡನ್ನು ನನ್ನ ಬೆನ್ನ ಮೇಲೆ ಹಾಸಿ, ಹಾರದಂತೆ ಒಂದು ಹರಳು ಇಟ್ಟಳು. ಮತ್ತೆ ಅವಳು ಬರಲಿಲ್ಲ.

ಅದೇ ದಿನ ಸಂಜೆ ಪುರಸಭೆಯ ಟ್ರ್ಯಾಕ್ಟರಿನವನು ಎಂಜಿನ್ನು ಬಿಚ್ಚಿ ಕಟ್ಟಿ ಬಂದು ನನ್ನ ಮೇಲೆ ಕೂತ. ಕೈಯೆಲ್ಲ ಎಣ್ಣೆಯಾಗಿತ್ತು. ಹರಳನ್ನು ಸರಿಸಿ, ಆ ಬಟ್ಟೆಯನ್ನು ತೆಗೆದುಕೊಂಡು ಬೆರಳ ಸಂದಿಗಳನ್ನೆಲ್ಲ ಚೆನ್ನಾಗಿ ಒರೆಸಿಕೊಂಡ. ಒರೆಸಿಕೊಂಡು ಟ್ಯಾಂಕರಿನ ಅಡಿಗೆ ಎಸೆದು ಬೀಡಿ ಹಚ್ಚಿದ.